ಹೆಣ್ಣಿನ ಕಡೆಯವರ ಷರತ್ತು

"ಆ ಅರಕಲಗೂಡಿನ ಹುಡ್ಗಿ ಯಾವಳೋ ಕಾಣೆ ಕಣಮ್ಮ, ನಮ್ ಹುಡ್ಗನ ಕನಸಿಗೆ ಮಣ್ಣಾಕ್ಬುಟ್ಲು."

ಕಾಂತರಾಜು ಹೀಗೆಂದಾಗ ಮಾನ್ಯ ಇಡ್ಲಿಯನ್ನು ಚಟ್ನಿಗೆ ಅದ್ದುತ್ತಿದ್ದಳು. ಕೈ ಅಲ್ಲೇ ನಿಂತಿತು. ಅರಕಲಗೂಡಿನ ಆ ಹುಡುಗಿ ಅವಳೇ.

ಶುಕ್ರವಾರ ಬೆಳಿಗ್ಗೆ ಚನ್ನರಾಯಪಟ್ಟಣ ಬಿಟ್ಟ ಟೆಂಪೊ ಟ್ರಾವೆಲರ್ ಹೈವೇ ಪಕ್ಕದ ಹೋಟೆಲಿನ ಮುಂದೆ ನಿಂತಿತ್ತು. ಎಲ್ಲರೂ ಹೊರಟಿದ್ದು ಚೆನ್ನೈ ಹತ್ತಿರದ ಟ್ರ್ಯಾಕಿಗೆ, ಶನಿವಾರ ಭಾನುವಾರದ ಬೈಕ್ ರೇಸ್ ನೋಡಲು. ಹೊಳೆನರಸೀಪುರದ ರುದ್ರೇಶನನ್ನು ನೋಡಲು ಎಂದರೆ ಇನ್ನೂ ಸರಿಯಾದೀತು. ಕಾಂತರಾಜು ಚನ್ನರಾಯಪಟ್ಟಣದಲ್ಲಿ ಬೈಕ್ ಗ್ಯಾರೇಜ್ ಇಟ್ಟವನು. ರುದ್ರೇಶ ಮೊದಲ ಬಾರಿ ಸ್ಪ್ಯಾನರ್ ಹಿಡಿದದ್ದು ಅವನ ಗ್ಯಾರೇಜಿನಲ್ಲಿ, ಮೊದಲ ಬಾರಿ ಬಿದ್ದು ಮೊಣಕೈ ತರಚಿಕೊಂಡದ್ದು ಅದರ ಮುಂದಿನ ರಸ್ತೆಯಲ್ಲಿ. ಈಗ ಅವನು ದೊಡ್ಡ ಟೀಮಿಗೆ ಓಡಿಸುವ ರೈಡರ್. ಪ್ರತಿ ರೇಸಿಗೂ ಕಾಂತರಾಜು ಗಾಡಿ ಮಾಡಿ ಅಭಿಮಾನಿಗಳನ್ನು ಕರೆದೊಯ್ಯುತ್ತಿದ್ದ. ವಾಟ್ಸಾಪ್ ಸ್ಟೇಟಸ್ ನೋಡಿ ಒಂದು ಸೀಟು ಕೇಳಿದ ಮಾನ್ಯಳಿಗೆ, ಹಾಸನದವಳು ಅಂದಿದ್ದಕ್ಕೆ, ಅವನು ಹೆಚ್ಚೇನೂ ವಿಚಾರಿಸಿರಲಿಲ್ಲ.

"ಯಾಕಣ್ಣ, ಏನಾಯ್ತು?" ಮಾನ್ಯ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

"ಮದ್ವೆ ಆಗ್ಬೇಕಂದ್ರೆ ರೇಸ್ ಬುಡ್ಬೇಕು ಅಂತ ಹೆಣ್ಣಿನ ಕಡೆಯೋರು ಷರತ್ತಾಕವ್ರಂತೆ. ಇದೇ ಕೊನೇದು. ರುದ್ರೇಶನೇ ಫೋನ್ ಮಾಡಿ ಯೋಳ್ದ."

"ಅವಳು ನನ್ ಕೈಗೆ ಸಿಕ್ಬೇಕು ಅಕ್ಕ," ಎಂದಳು ಪಕ್ಕದಲ್ಲಿದ್ದ ಅನುಶ್ರೀ. ಹೊಳೆನರಸೀಪುರದ ಕಾಲೇಜು ಹುಡುಗಿ. ರುದ್ರೇಶನ ಹೆಲ್ಮೆಟ್ಟಿನ ನೀಲಿಯನ್ನೇ ಹುಡುಕಿ ಚೂಡಿದಾರ್ ಹೊಲಿಸಿಕೊಂಡವಳು. "ಹೋಗಿ ಹೋಗಿ ಅಂಥವಳನ್ನ ಒಪ್ಕೊಂಡಿದಾನಲ್ಲ."

ಮಾನ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳ ಅಪ್ಪ ನಂಜಯ್ಯ ಅರಕಲಗೂಡಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. ಹೆಣ್ಣು ನೋಡಲು ಬಂದ ದಿನ ರುದ್ರೇಶನನ್ನು ಅವರು ರೇಸಿನ ಬಗ್ಗೆ ಕೇಳಿದ್ದು ಒಂದೇ ಮಾತು: "ಹೆಲ್ಮೆಟ್ ಹಾಕ್ಕೋತೀಯ ತಾನೇ?" ಮನೆಯವರೆಲ್ಲ ನಕ್ಕಿದ್ದರು. ಷರತ್ತನ್ನು ಯಾರೂ ಹಾಕಿರಲಿಲ್ಲ.

ಆದರೆ ನಮ್ಮ ಕಡೆ ಹೆಣ್ಣಿನ ಕಡೆಯವರ ಷರತ್ತು ಎಂದುಬಿಟ್ಟರೆ ಮುಗಿಯಿತು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮದುವೆಯ ಮಾತು ಎಂದರೆ ಹಾಗೇ ಇರುತ್ತದೆ ಎಂದು ಎಲ್ಲರೂ ನಂಬಿಬಿಡುತ್ತಾರೆ. ಗಾಡಿಯಲ್ಲಿದ್ದವರೂ ನಂಬಿದ್ದರು, ಅರಕಲಗೂಡಿಗೆ ಫೋನ್ ಮಾಡಿ ಕೇಳುವ ಯೋಚನೆ ಒಬ್ಬರಿಗೂ ಬಂದಿರಲಿಲ್ಲ.

ಅವಳಿಗೆ ಆ ದಿನದ ಹಿತ್ತಲು ನೆನಪಾಯಿತು. ದೊಡ್ಡವರು ಇಬ್ಬರನ್ನೇ ಮಾತಾಡಲು ಕಳಿಸಿದಾಗ ರುದ್ರೇಶ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನೇ ನೋಡುತ್ತ ನಿಂತಿದ್ದ.

"ಈ ಕಡೆ ನೋಡಿ," ಎಂದಿದ್ದಳು ಮಾನ್ಯ. ಹಾಸನದ ಆಸ್ಪತ್ರೆಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. "ಊರವರ ಕಣ್ಣೆಲ್ಲ ನೋಡ್ತೀನಿ. ನಿಮ್ಮದನ್ನ ಬಿಟ್ರೆ ಹೇಗೆ?"

ಅವನು ನೋಡಿದ. ರೆಪ್ಪೆ ಒಮ್ಮೆ ಬಡಿಯಿತು. ಕಿವಿಯ ತುದಿ ಕೆಂಪಾಯಿತು, ಆದರೆ ನೋಟ ಕದಲಲಿಲ್ಲ.

"ಪಾಸಾ?"

"ಗೊತ್ತಿಲ್ಲ. ಇನ್ನೊಂದು ಸಲ ಬರ್ಬೇಕಾಗುತ್ತೆ."

ಅವನು ನಕ್ಕ. ಆ ನಗುವಿಗೆ ಅವಳು ಸೋತಿದ್ದು ನಿಜ, ಅದನ್ನು ಮುಚ್ಚಿಡುವುದೇಕೆ? ಆಮೇಲೆ ದಿನಾ ಫೋನು. ಊಟ ಆಯಿತೇ ಎಂಬಲ್ಲಿಂದ ಶುರುವಾದರೆ ಇಬ್ಬರಿಗೂ ಇಡುವ ಮನಸ್ಸಿಲ್ಲ. ರೇಸಿನ ಮಾತು ಬಂದರೆ ಮಾತ್ರ ಅವನು ಹೇಗೋ ಜಾರಿಕೊಳ್ಳುತ್ತಿದ್ದ. ನೋಡಲು ಬಾ ಎಂದು ಒಮ್ಮೆಯೂ ಕರೆದಿರಲಿಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ ಅವನ ಕೆಲಸವನ್ನು ಕಣ್ಣಾರೆ ನೋಡಬೇಕೆಂದು ಅವಳೇ ಅವನಿಗೆ ಹೇಳದೆ ಹೊರಟಿದ್ದಳು.

*

ಶನಿವಾರ ಟ್ರ್ಯಾಕಿನಲ್ಲಿ ಮೊದಲು ತಾಗಿದ್ದು ಬಿಸಿಲು. ಕಾಂಕ್ರೀಟ್ ಮೆಟ್ಟಿಲ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂತರೂ ಕಾವು ಏರುತ್ತಿತ್ತು. ಆಮೇಲೆ ಸದ್ದು. ಬೈಕುಗಳು ಕಣ್ಣಿಗೆ ಬೀಳುವ ಮೊದಲೇ ಎದೆಯ ಗೂಡು ಅದುರಿತು. ಬಂದವು, ಹೋದವು. ಸುಟ್ಟ ರಬ್ಬರಿನ ವಾಸನೆ ಮಾತ್ರ ಉಳಿಯಿತು.

"ಇಷ್ಟೇನಾ?" ಮಾನ್ಯ ಕೇಳಿಯೇಬಿಟ್ಟಳು.

"ಇಷ್ಟೇ ಕಣವ್ವ," ಎಂದರು ಚಲುವಯ್ಯ. ಮಲ್ಲಿಪಟ್ಟಣದ ರೈತರು, ಮಂಡಿನೋವಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದರು. "ಒಂದ್ ಗಳಿಗೆ ಕಾಣ್ತನೆ. ಮಿಕ್ಕಿದ್ದೆಲ್ಲ ಕಾಯೋದೆಯ. ಇನ್ನೊಂದ್ ಸುತ್ತು ಬತ್ತನೆ ಅಂತ ಕಾಯ್ತೀವಲ್ಲ, ಅದೇ ನಮ್ ರೇಸು."

ಅವಳೂ ಕಾಯತೊಡಗಿದಳು. ನೀಲಿ ಹೆಲ್ಮೆಟ್ಟು ಬಂದು ಹೋಗುವಷ್ಟರಲ್ಲಿ ಉಸಿರು ಬಿಗಿಯುತ್ತಿತ್ತು, ಅದು ಮರೆಯಾದ ಮೇಲೆ ಸಡಿಲವಾಗುತ್ತಿತ್ತು. ಅನುಶ್ರೀ ಕೂಗಿ ಕೂಗಿ ದನಿ ಕಳೆದುಕೊಂಡಳು. ಕಾಂತರಾಜು ಪ್ರತಿ ಸುತ್ತಿಗೂ "ಇನ್ನೂ ಜೋರು ಕಣ್ಲಾ!" ಎಂದು ಅರಚುತ್ತಿದ್ದ.

ಎದುರಿನ ತಿರುವಿನಲ್ಲಿ ಮಾತ್ರ ಅವಳಿಗೊಂದು ವಿಷಯ ಕಂಡಿತು. ಬೇರೆ ರೈಡರುಗಳು ಬೈಕಿನ ಮೇಲೆ ಬಗ್ಗಿಕೊಂಡೇ ನುಗ್ಗುತ್ತಿದ್ದರು. ರುದ್ರೇಶ ಅವರಿಗಿಂತ ಮೊದಲೇ ತಲೆ ಎತ್ತಿ ವೇಗ ತಗ್ಗಿಸುತ್ತಿದ್ದ, ಪ್ರತಿ ಸಲವೂ. ಹಿತ್ತಲಲ್ಲಿ ಕದಲದೆ ನೋಡಿದ ಹುಡುಗ ಇಲ್ಲೇಕೆ ಹೀಗೆ ಎಂದು ಅವಳಿಗೆ ಅನ್ನಿಸಿತು.

ಮಧ್ಯಾಹ್ನ ಅಭಿಮಾನಿಗಳನ್ನು ಬೈಕುಗಳು ನಿಲ್ಲುವ ಪಿಟ್‌ಗೆ ಬಿಟ್ಟರು. ಕಾಂತರಾಜು ರುದ್ರೇಶನನ್ನು ಅಪ್ಪಿಕೊಂಡ. ಚಲುವಯ್ಯ ತಲೆ ಸವರಿದರು. ಸೆಲ್ಫಿಗೆ ನಿಂತ ಅನುಶ್ರೀಯ ಭುಜದಾಚೆ ಅವನ ಕಣ್ಣು ಹೋಯಿತು. ಮಾನ್ಯಳನ್ನು ಕಂಡಿತು. ಅರಳಿದ ಮುಖ ಮರುಕ್ಷಣದಲ್ಲೇ ಬಿಳುಚಿಕೊಂಡಿತು.

ಉಳಿದವರು ಬೈಕಿನ ಸುತ್ತ ಸೇರಿದಾಗ ಅವನು ಹತ್ತಿರ ಬಂದ. "ಟೈರ್ ಜೋಡಿಸಿದಾರಲ್ಲ, ಅದರ ಹಿಂದೆ ಬರ್ತೀರಾ?"

ಅವಳು ಹೋದಳು.

"ಯಾರ ಜೊತೆ ಬಂದ್ರಿ?"

"ಕಾಂತರಾಜಣ್ಣನ ಗಾಡೀಲಿ. ದಾರಿಯುದ್ದಕ್ಕೂ ನನಗೆ ಬಿದ್ದ ಬೈಗುಳ ಕೇಳ್ಕೊಂಡು." ಅವಳ ದನಿ ತಣ್ಣಗಿತ್ತು. "ನಮ್ಮಪ್ಪ ಯಾವಾಗ ಷರತ್ತು ಹಾಕಿದ್ರು?"

"ಹಾಕ್ಲಿಲ್ಲ."

"ನಾನು?"

"ನೀವೂ ಹಾಕ್ಲಿಲ್ಲ." ಅವನು ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಡುತ್ತಿದ್ದ. "ನಂಗೆ ಭಯ ಆಗ್ತಿದೆ ಮಾನ್ಯ. ಎರಡು ವರ್ಷದ ಹಿಂದೆ ಸ್ಟ್ಯಾಂಡಿನ ಎದುರಿಗಿರೋ ತಿರುವಲ್ಲೇ ಬಿದ್ದೆ. ಭುಜದ ಮೂಳೆ ಮುರೀತು, ಅದು ಕೂಡ್ಕೊಳ್ತು. ಆದ್ರೆ ಹಿಂದೆ ಬಂದ ಬೈಕಿನ ಚಕ್ರ ನನ್ನ ಮುಖದ ಪಕ್ಕದಲ್ಲೇ ಹೋಯ್ತು. ಅದು ಕಣ್ಣಿಂದ ಹೋಗ್ತಾನೇ ಇಲ್ಲ. ಈಗಲೂ ಆ ತಿರುವು ಬಂದ್ರೆ ಕೈ ನನ್ನ ಮಾತು ಕೇಳಲ್ಲ."

"ಅದಕ್ಕೆ ನನ್ನ ಮೇಲೆ ಹಾಕಿದ್ರಿ."

"ಬಾಯಿಗೆ ಬಂತು, ಹೇಳ್ಬಿಟ್ಟೆ. ಎಲ್ರೂ ನಂಬಿದ್ರು. ಆಮೇಲೆ ವಾಪಸ್ ತಗೊಳ್ಳೋಕಾಗ್ಲಿಲ್ಲ."

ಅವನ ಕೈ ಹಿಡಿಯಬೇಕೆಂದು ಅವಳಿಗೆ ಅನ್ನಿಸಿತು. ಅಷ್ಟೇ ಜೋರಾಗಿ ಸಿಟ್ಟೂ ಬಂತು. ಎರಡೂ ಒಟ್ಟಿಗೇ ಬಂದದ್ದರಿಂದ ಕಣ್ಣು ತುಂಬಿತು.

"ಭಯ ತಪ್ಪಲ್ಲ ರುದ್ರೇಶ್. ಅದನ್ನ ತಂದು ನನ್ನ ತಲೆಗೆ ಕಟ್ಟಿದ್ರಲ್ಲ, ಅದು ತಪ್ಪು. ನಾಳೆ ನಾನು ನಿಮ್ಮೂರಲ್ಲಿ ತರಕಾರಿ ತರೋಕೆ ಹೋದ್ರೂ, ರುದ್ರೇಶನ್ನ ಬೈಕಿಂದ ಇಳಿಸಿದೋಳು ಇವಳೇ ಅಂತ ಬೆರಳು ತೋರಿಸ್ತಾರೆ. ಸಾಯೋವರೆಗೂ."

"ಅವರ ಮುಂದೆ ಹೇಗೆ ಹೇಳ್ಲಿ? ಚಲುವಯ್ಯನೋರು ಆ ಮಂಡಿ ಇಟ್ಕೊಂಡು ಬರ್ತಾರೆ. ಕಾಂತರಾಜಣ್ಣ ನನ್ನ ಬಿಟ್ರೆ ಬೇರೆ ಮಾತೇ ಆಡಲ್ಲ. ಹೆದರ್ಕೊಂಡೆ ಅಂತ ಹೇಳೋಕೆ ಬಾಯಿ ಬರಲ್ಲ."

"ನನಗೆ ಹೇಳಿದ್ರಲ್ಲ ಈಗ, ಹಾಗೇ ಹೇಳಿ. ನಿಶ್ಚಿತಾರ್ಥಕ್ಕೆ ಮುಂಚೆ." ಅವಳು ಕಣ್ಣೊರೆಸಿಕೊಂಡಳು. "ಇಲ್ದಿದ್ರೆ ಅಪ್ಪನಿಗೆ ಈ ಸಂಬಂಧ ಬೇಡ ಅಂತೀನಿ. ಹಾಗನ್ನೋಕೆ ನಂಗಿಷ್ಟ ಇಲ್ಲ. ನೀವು ಅಂದ್ರೆ ನಂಗೆ ಎಷ್ಟು ಇಷ್ಟ ಅಂತ ನಿಮಗೇ ಗೊತ್ತಿಲ್ಲ. ಆದ್ರೂ ಅಂತೀನಿ."

ಸೈರನ್ನು ಕೂಗಿತು. ಟೀಮಿನವರು ಅವನ ಹೆಸರು ಕರೆದರು.

*

ಭಾನುವಾರದ ರೇಸಿನಲ್ಲಿ ಮೊದಲ ಸುತ್ತು ಸರಿಯಾಗಿಯೇ ನಡೆಯಿತು. ಮರುಸುತ್ತಿನಲ್ಲಿ ಆ ತಿರುವಿನಲ್ಲೇ ಯಾರೋ ಬಿದ್ದರು. ಧೂಳೆದ್ದಿತು. ಅಪಾಯ ತಿಳಿಸುವ ಹಳದಿ ಬಾವುಟಗಳನ್ನು ಬೀಸಿದರು. ಇಡೀ ಸ್ಟ್ಯಾಂಡ್ ಎದ್ದು ನಿಂತಿತು. ಅನುಶ್ರೀ ಮಾನ್ಯಳ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಇದನ್ನು ಜೀವನಪೂರ್ತಿ ತಡೆದುಕೊಳ್ಳಲು ತನ್ನಿಂದ ಆಗುತ್ತಿತ್ತೇ ಎಂದು ಮಾನ್ಯ ತನ್ನನ್ನೇ ಕೇಳಿಕೊಂಡಳು. ಗೊತ್ತಾಗಲಿಲ್ಲ.

ಧೂಳಿನಾಚೆಯಿಂದ ನೀಲಿ ಹೆಲ್ಮೆಟ್ಟು ಹೊರಬಂತು. ಕಾಂತರಾಜು ಅತ್ತೇಬಿಟ್ಟ. ಬಿದ್ದವನೂ ಎದ್ದು ಕುಂಟುತ್ತ ನಡೆದಾಗ ಚಲುವಯ್ಯ ಕೈ ಮುಗಿದರು.

ರುದ್ರೇಶ ಆರನೆಯವನಾಗಿ ಮುಗಿಸಿದ. ಗೆದ್ದವನಿಗಿಂತ ಹೆಚ್ಚಿನ ಕೂಗು ಅವನಿಗೇ ಬಿತ್ತು. ಕೊನೆಯ ಸಲವಾದರೂ ನಮ್ಮ ಜೊತೆ ಬಾ ಎಂದು ಕಾಂತರಾಜು ಹಟ ಹಿಡಿದು ಅವನನ್ನು ಗಾಡಿ ಹತ್ತಿಸಿದ. ರುದ್ರೇಶ ಡ್ರೈವರ್ ಪಕ್ಕದಲ್ಲಿ ಕೂತ. ಕನ್ನಡಿಯಲ್ಲಿ ಆಗಾಗ ಅವನ ಕಣ್ಣು ಹಿಂದಿನ ಸೀಟನ್ನು ಹುಡುಕುತ್ತಿತ್ತು. ಅವಳು ನೋಡಿದರೆ ತಗ್ಗುತ್ತಿತ್ತು, ಅವಳು ಕಿಟಕಿಗೆ ತಿರುಗಿದರೆ ಮತ್ತೆ ಬರುತ್ತಿತ್ತು.

*

ಬೆಳಕು ಹರಿಯುವಾಗ ಚನ್ನರಾಯಪಟ್ಟಣ ಬಂತು. ಗ್ಯಾರೇಜಿನ ಮುಂದೆ ಇಳಿದವರಿಗೆ ಕಾಂತರಾಜು ಟೀ ತರಿಸಿದ. ಇವತ್ತಿಗೆ ಎಲ್ಲ ಮುಗಿಯಿತು ಎಂಬ ಭಾವ ಎಲ್ಲರ ಮುಖದಲ್ಲೂ ಇತ್ತು.

"ಎಲ್ಲಾ ಆ ಹುಡ್ಗಿಯಿಂದ," ಎಂದ ಕಾಂತರಾಜು.

ರುದ್ರೇಶ ಟೀ ಲೋಟವನ್ನು ಕೆಳಗಿಟ್ಟ.

"ಅಣ್ಣ, ಅವಳ ಕಡೆಯೋರು ಏನೂ ಕೇಳ್ಲಿಲ್ಲ. ಸುಳ್ಳು ಹೇಳ್ದೆ. ನಂಗೇ ಭಯ. ಬಿದ್ದಾಗಿಂದ ಪ್ರತಿ ರೇಸಲ್ಲೂ ಭಯ. ಗಾಡಿ ಹತ್ತೋ ಮುಂಚೆ ವಾಂತಿ ಬರುತ್ತೆ. ಇನ್ನು ನನ್ನ ಕೈಲಿ ಆಗಲ್ಲ ಅಣ್ಣ."

ರಸ್ತೆಯಲ್ಲಿ ಹಾಲಿನ ವ್ಯಾನೊಂದು ಹೋಯಿತು.

ಕಾಂತರಾಜು ಆಯಿಲ್ ಡಬ್ಬದ ಮೇಲೆ ಕುಸಿದು ಕೂತ. "ಇನ್ನೂ ಜೋರು, ಇನ್ನೂ ಜೋರು ಅಂತ ನಾನು ಅರಚ್ಕತಿದ್ನಲ್ಲೋ," ಎಂದ. ದನಿ ಒಡೆದಿತ್ತು. "ನೀನು ಒಳಗೊಳಗೇ ಅಷ್ಟ್ ಸಂಕ್ಟ ಪಡ್ತಿದ್ದೆ. ಒಂದ್ ಮಾತ್ ಯೋಳ್ಬಾರ್ದಿತ್ತಾ? ನೀನು ಸೋತ್ರೂ ನಮ್ ಹುಡ್ಗನೇ ಕಣ್ಲಾ." ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ರುದ್ರೇಶ ಅವನ ಮುಂದೆ ಮಂಡಿಯೂರಿ ಕೂತ. ಇಬ್ಬರೂ ಅತ್ತರು.

"ಹಂಗಾದ್ರೆ ಆ ಹುಡುಗಿ ಪಾಪ..." ಅನುಶ್ರೀ ತಡವರಿಸಿದಳು. "ನಾವು ಏನೇನೆಲ್ಲ ಅಂದ್ವಿ ಅಕ್ಕ."

"ಕೇಳಿಸ್ಕೊಂಡೆ ಅನು," ಎಂದಳು ಮಾನ್ಯ. "ಅರಕಲಗೂಡಿನವಳು ನಾನೇ."

ಅನುಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು. "ತಪ್ಪಾಯ್ತು ಕಣವ್ವ," ಎಂದು ಚಲುವಯ್ಯ ಮುಗಿಯಹೊರಟ ಕೈಗಳನ್ನು ಮಾನ್ಯ ಹಿಡಿದುಕೊಂಡಳು. ಗದ್ದೆಯ ಕೆಲಸದಿಂದ ಒರಟಾದ ಕೈಗಳು. ಮೂರು ದಿನದ ನೋವು ಅಲ್ಲಿಗೆ ಅರ್ಧ ಇಳಿಯಿತು.

ಬಸ್ ಸ್ಟ್ಯಾಂಡಿಗೆ ಇಬ್ಬರೂ ನಡೆದೇ ಹೋದರು. ಅವಳಿಗೆ ಹಾಸನದ ಬಸ್ಸು, ಡ್ಯೂಟಿ ಇತ್ತು. ಅವನಿಗೆ ಹೊಳೆನರಸೀಪುರದ್ದು.

"ಇನ್ನೂ ಕೋಪ ಇದೆಯಾ?"

"ಇದೆ. ಸ್ವಲ್ಪ ದಿನ ಇರುತ್ತೆ."

ಅವನು ತಲೆಯಾಡಿಸಿದ. ಹಾಸನದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗತೊಡಗಿದ.

"ಮಾನ್ಯ, ಒಂದು ಮಾತು. ಇಷ್ಟು ದಿನ ರೇಸರ್ ರುದ್ರೇಶ ಅಂತಿದ್ರು. ಇನ್ನು ನಾನು ಯಾರೂ ಅಲ್ಲ. ನಾಳೆ ನಿಮ್ಮ ಆಸ್ಪತ್ರೆಯೋರು ಕೇಳಿದ್ರೆ ನನ್ನ ಏನಂತ ಹೇಳ್ತೀರಿ?"

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ನಿದ್ದೆಗೆಟ್ಟು ಕೆಂಪಾದ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು.

"ನಮ್ಮೋರು ಅಂತೀನಿ," ಎಂದು ಬಸ್ಸು ಹತ್ತಿದಳು.