ಒಣಗದ ಜೀನು

ನಮ್ಮ ಹಾರ್ಲೆಮ್ ಊರಿನ ಚಿತ್ರಕಾರರಲ್ಲಿ ಒಂದೇ ಚಿತ್ರಕ್ಕೆ ಇಬ್ಬರು ಕೈಹಾಕುವುದು ವಾಡಿಕೆ. ಮರಳದಿಬ್ಬ, ಮೋಡಗಳು ಗೆಳೆಯ ಗೋವರ್ಟನವು. ಕುದುರೆ, ಸವಾರ ನನ್ನವು.

"ನಿನ್ನ ಬಿಳಿ ಕುದುರೆ ಇಲ್ದಿದ್ರೆ ನನ್ನ ಮರಳನ್ನ ಯಾರು ಮೂಸಿ ನೋಡ್ತಾರಯ್ಯಾ?" ಎನ್ನುತ್ತ ಆ ಬೆಳಿಗ್ಗೆ ಅವನು ಚಿತ್ರ ಇಟ್ಟು ಹೋದ.

ನನ್ನ ಮಗ ರೇನಿಯರ್ ಆಗಷ್ಟೇ ಕೆಂಪು ಕೋಟು ತೊಟ್ಟು, ನಮ್ಮ ಬಿಳಿ ಕುದುರೆ ಹತ್ತಿ, ಸಮುದ್ರದ ದಂಡೆಗೆ ಮೀನು ತರಲು ಹೊರಟಿದ್ದ. ಕಣ್ಣಲ್ಲಿ ಉಳಿದಿದ್ದ ಆ ನೋಟವನ್ನೇ ಗೋವರ್ಟನ ಮರಳಿನ ಮೇಲೆ ಬರೆದೆ. ಕುಂಚ ತೊಳೆದು ತಿರುಗುವಷ್ಟರಲ್ಲಿ ಚಿತ್ರದಲ್ಲಿ ಕುದುರೆ ಮಾತ್ರ ಇತ್ತು, ಜೀನು ಖಾಲಿ.

ಮತ್ತೆ ಬರೆದೆ. ಮತ್ತೆ ಖಾಲಿ. ಚಿತ್ರದ ಬಟ್ಟೆ ಮುಟ್ಟಿದರೆ ಓಡಿಬಂದ ಕುದುರೆಯ ಪಕ್ಕೆಯಂತೆ ಬಿಸಿ. ಕೋಣೆಯ ತುಂಬ ಉಪ್ಪುನೀರಿನ ವಾಸನೆ.

ಹೆಂಡತಿ ಹಿಲ್ಲೆ ಇಣುಕಿದಳು. "ಬೆಳಗಿಂದ ಒಬ್ಬ ಸವಾರನ್ನ ಕೂರಿಸೋಕಾಗ್ಲಿಲ್ವಾ? ಮುದುಕ್ರಾದ್ರಿ ಬಿಡಿ" ಎಂದು ನಕ್ಕಳು.

ಮಗನ ಹಿಂದೆ ಹೋಗಲು ಮನೆಯಲ್ಲಿ ಬೇರೆ ಕುದುರೆ ಇರಲಿಲ್ಲ. ನನಗೆ ಗೊತ್ತಿದ್ದದ್ದು ಬರೆಯುವುದೊಂದೇ. ಮೂರನೆಯ ಸಲ ಅವನ ಎರಡೂ ಕೈಗೆ ಲಗಾಮು ಬಿಗಿಯಾಗಿ ಹಿಡಿಸಿದೆ. ರೆಪ್ಪೆ ಬಡಿಯದೆ ನೋಡುತ್ತ ಕೂತೆ. ನನ್ನ ಕಣ್ಣೆದುರೇ ಕೆಂಪು ಕರಗಿತು.

ಮಧ್ಯಾಹ್ನ ಕುದುರೆ ಒಂಟಿಯಾಗಿ ಬಂದು ಬಾಗಿಲಲ್ಲಿ ನಿಂತಿತು. ಮೈಯೆಲ್ಲ ಒಣಗಿತ್ತು, ಜೀನಿನ ಮೇಲೆ ಮಾತ್ರ ಹಸಿ ಕೆಂಪು. ಹಿಲ್ಲೆ ರಕ್ತವೆಂದು ಕಿರುಚಿದಳು. ನಾನು ಮೂಸಿದೆ: ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ. ನಾನೇ ಅರೆದ ಬಣ್ಣ.

ರೇನಿಯರ್ ಬರಲಿಲ್ಲ. ಕುದುರೆಯೂ ಮುದಿಯಾಗಿ ಸತ್ತಿತು. ಜೀನು ಹನ್ನೆರಡು ವರ್ಷದಿಂದ ಗೋಡೆಯ ಮೇಲಿದೆ. ಇವತ್ತು ಬೆಳಿಗ್ಗೆಯೂ ಮುಟ್ಟಿ ನೋಡಿದೆ. ಬಣ್ಣ ಬೆರಳಿಗೆ ಹತ್ತಿತು.