ಕೆಂಚವ್ವ ಎತ್ತಿದ ಎಮ್ಮೆಗಲ್ಲು

ಬಹಳ ಹಿಂದೆ, ಏಳು ಗುಡ್ಡಗಳಾಚೆ ಗುಂಡಾಪುರವೆಂಬ ರಾಜ್ಯವಿತ್ತು. ಅಲ್ಲಿನ ರಾಜನ ಮೀಸೆ ಭಾರಿ ದಪ್ಪ, ತೋಳು ಮಾತ್ರ ನುಗ್ಗೇಕಾಯಿ.

ದಸರೆಯ ದಿನ ಕರಾಳಪ್ಪನೆಂಬ ಮಾಂತ್ರಿಕ ಕುಂಬಾರರ ನಾಗವ್ವನನ್ನು ಗುಹೆಗೆ ನೂಕಿ, ಗುಹೆಯ ಬಾಯಿಗೆ ಮೂರು ಕಲ್ಲು ಇಟ್ಟ: ಕುರಿಗಲ್ಲು, ಕರುಗಲ್ಲು, ಎಮ್ಮೆಗಲ್ಲು. ಮೂರೂ ಮಾತಾಡುತ್ತಿದ್ದವು.

“ಯುಗಾದಿಯೊಳಗ ಮೂರನ್ನೂ ಎತ್ತಿ ಒಗೀರಿ. ಇಲ್ಲಂದ್ರ ಇಕಿನೂ ಕಲ್ಲಾಗ್ತಾಳ” ಅಂದ.

ಗರಡಿಮನೆಯ ಪೈಲ್ವಾನರು ಕೈಗೆ ಕೆಮ್ಮಣ್ಣು ಸವರಿಕೊಂಡು, ತೊಡೆ ತಟ್ಟಿಕೊಂಡು ಬಂದರು. ಕುರಿಗಲ್ಲು ಮುಟ್ಟಿದ್ದೇ ತಡ, ಕೈ ಜಾರಿ ದೊಪ್ಪನೆ ಬಿದ್ದರು. ಗರಡಿಯ ಮಣ್ಣು ಸೋಕಿದ ಕೈಗೆ ಕಲ್ಲು ನಿಲ್ಲದಂತೆ ಕರಾಳಪ್ಪ ಮಂತ್ರ ಹಾಕಿದ್ದ.

ಆಗ ನಾಗವ್ವನ ತಂಗಿ ಕೆಂಚವ್ವ ಬಂದಳು. ಹೆಂಗಸರನ್ನು ಗರಡಿಯ ಹೊಸ್ತಿಲು ದಾಟಲು ಯಾರೂ ಬಿಟ್ಟಿರಲಿಲ್ಲ. ಆ ಮಣ್ಣು ಅವಳ ಕೈಗೆ ಎಲ್ಲಿಂದ ಬರಬೇಕು? ಕೈ ಜಾರಲಿಲ್ಲ. ಕಲ್ಲೂ ಏಳಲಿಲ್ಲ.

“ಬ್ಯಾ! ಹೋಗಿ ರೊಟ್ಟಿ ಬಡಿ” ಅಂದಿತು ಕುರಿಗಲ್ಲು.

ಅವಳು ಅಳುತ್ತ ಊರಿನ ಹಿರಿಯಳಾದ ದ್ಯಾಮಜ್ಜಿಯ ಬಳಿ ಹೋದಳು. “ಆಯಿ, ದಿನಾ ತೆಂಗಿನಕಾಯಿ ನೂರು ಸಲ ಎತ್ತತೀನಿ. ಬಲಾನ ಬರವಲ್ದು.”

“ಕಾಯಿಂದ ಚಟ್ನಿ ಆಗ್ತದ, ಬಲ ಆಗಂಗಿಲ್ಲ. ಭಾರ ಎತ್ತು. ಮೊದಲು ಬೀಸುಕಲ್ಲು. ಅದು ಹಗುರಾದ ದಿನ ಒರಳುಕಲ್ಲು. ಆಮ್ಯಾಲೆ ಗಾಣದ ಕಲ್ಲು.”

“ಭಾರ ಎತ್ತಿದ್ರ ಮೀಸಿ ಬರ್ತಾವಂತಲ್ಲ?”

“ಹಂಗಾರ ನಮ್ಮ ರಾಜ ಏನು ಎತ್ಯಾನ?”

ಕೆಂಚವ್ವ ಹಾಲು ಕುಡಿದಳು, ಶೇಂಗಾ ತಿಂದಳು, ಒಂದು ದಿನ ಎತ್ತಿ ಮರುದಿನ ದಣಿವಾರಿಸಿಕೊಂಡಳು. ಸಂಕ್ರಾಂತಿಗೆ ಕುರಿಗಲ್ಲು ಎತ್ತಿ ಒಗೆದಳು. ಅದು ಕುರಿಯಾಗಿ ಓಡಿತು. ಹೋಳಿಗೆ ಕರುಗಲ್ಲು ಒಗೆದಳು. ಅದು ಕರುವಾಗಿ ಜಿಗಿಯಿತು.

ಯುಗಾದಿ ಬಂತು. ಎಮ್ಮೆಗಲ್ಲು ಅಲುಗಲಿಲ್ಲ.

“ಕೆಂಚಿ, ಸೊಂಟದ ತನಕ ಕಲ್ಲಾಗೀನಿ. ಮನಿಗೆ ಹೋಗವ್ವ” ಎಂದಳು ಒಳಗಿಂದ ನಾಗವ್ವ.

“ನೀ ಸುಮ್ಕಿರಕ್ಕ. ಉಸಿರು ಹಿಡಿಯಾಕ ಬಿಡು.”

ಕೆಂಚವ್ವ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ತಬ್ಬಿದಳು. ಕಲ್ಲು ಮೊಣಕಾಲಿಗೆ ಬಂತು. ಎದೆಗೆ ಬಂತು. ಹೆಗಲಿಗೇರಿತು. ಧಡಾರ್! ಹಿಂದಕ್ಕೆ ಒಗೆದಳು.

ಕಲ್ಲು ಎಮ್ಮೆಯಾಗಿ, ಅಲ್ಲೇ ನಿಂತು ನೋಡುತ್ತಿದ್ದ ಕರಾಳಪ್ಪನನ್ನು ಅಟ್ಟಿಸಿಕೊಂಡು ಹೋಯಿತು. ಅವನು ಇನ್ನೂ ಓಡುತ್ತಲೇ ಇದ್ದಾನೆ. ನಾಗವ್ವ ಮತ್ತೆ ಮೈತುಂಬ ಮನುಷ್ಯಳಾಗಿ ಹೊರಬಂದಳು.

“ಏನು ಬೇಕು ಕೇಳವ್ವ. ಬಂಗಾರನಾ? ಯುವರಾಜನಾ?” ಅಂದ ರಾಜ.

ಕೆಂಚವ್ವ ಯುವರಾಜನನ್ನು ಮೇಲಿಂದ ಕೆಳಗೆ ನೋಡಿದಳು. “ಗರಡಿಮನಿ ಕೀಲಿ ಕೊಡ್ರಿ ಸಾಕು.”

ಮರುದಿನದಿಂದ ಗುಂಡಾಪುರದ ಹೆಂಗಸರೆಲ್ಲ ಗರಡಿಗೆ ಬಂದರು. ಭಾರ ಎತ್ತಿ, ಗಡದ್ದಾಗಿ ಉಂಡು, ಹಾಯಾಗಿ ನಿದ್ದೆ ಮಾಡಿ, ತಲೆಯೆತ್ತಿ ಸುಖವಾಗಿ ಬಾಳಿದರು.