ವಿಚಾರಿಸಲು ಬಂದವನು

"ಎಲ್ಲಿಗ್ರಿ?"

"ಮಾನ್ವಿ... ಒಂದು."

ಕಂಡಕ್ಟರ್ ವಿಜಯಶ್ರೀ ಟಿಕೆಟ್ ಕೊಡಲಿಲ್ಲ. ರಾಯಚೂರು ಬಸ್‌ಸ್ಟ್ಯಾಂಡ್ ದಾಟುವ ಮೊದಲೇ ಇವತ್ತು ಕೇಳಿಬಿಡಬೇಕು ಎಂದು ಅವಳು ನಿಶ್ಚಯಿಸಿದ್ದಳು. ಟಿಕೆಟ್ ಕೇಳಿದ ಯುವಕನ ಕೈಚೀಲದ ಮೇಲೆ ದೇವದುರ್ಗದ ಅಂಗಡಿಯೊಂದರ ಹೆಸರಿತ್ತು.

"ಮೂರು ವಾರದಾಗ ಇದು ಆರನೇ ಸಲ. ದೇವದುರ್ಗದಾವ್ರು ಗಬ್ಬೂರು ಮ್ಯಾಲಿಂದ ಸೀದಾ ಊರಿಗೆ ಹೋಗೂದು ಬಿಟ್ಟು, ಮಾನ್ವಿ ಬಸ್ ಯಾಕ ಹತ್ತತೀರಿ?"

"ಮೋಟರ್ ವೈಂಡಿಂಗ್ ಅಂಗಡಿ ಅದ್ರಿ ನಂದು. ತಾಮ್ರದ ತಂತಿ ತರಾಕ..."

"ರಾಯಚೂರಾಗ ಸಿಗಲಾರದ ತಂತಿ ಮಾನ್ವಿಯಾಗ ಸಿಗತದೇನ್ರಿ?"

ಅವನು ಕಿಟಕಿಯ ಕಡೆ ತಿರುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಪಾಡು!

ಅವಳ ಅನುಮಾನಕ್ಕೆ ಕಾರಣವಿತ್ತು. ದೇವದುರ್ಗದ ಕಿರಾಣಿ ವ್ಯಾಪಾರಿ ಬಸವಲಿಂಗಪ್ಪನವರು ತಮ್ಮ ಮಗನಿಗಾಗಿ ಅವಳನ್ನು ನೋಡಿ ಹೋಗಿದ್ದರು. ಉಪ್ಪಿಟ್ಟು ತಿಂದು, "ವಿಚಾರಿಸಿ ಹೇಳ್ತೀವಿ" ಎಂದವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಈ ಕಡೆ ವಿಚಾರಿಸುವುದು ಹೇಗೆಂದು ಯಾರಿಗೆ ಗೊತ್ತಿಲ್ಲ? ಹುಡುಗಿಯ ಓಣಿಗೋ ಕೆಲಸದ ಜಾಗಕ್ಕೋ ಗುಟ್ಟಾಗಿ ಒಬ್ಬನನ್ನು ಕಳಿಸುತ್ತಾರೆ. ಅವನು ಹೂಂ ಅಂದ ಮೇಲೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದು.

ಮದುವೆಯಾದರೆ ಕೆಲಸ ಬಿಡಬೇಕು ಎಂದೂ ಅವರು ಹೊಸ್ತಿಲಲ್ಲೇ ಹೇಳಿ ಹೋಗಿದ್ದರು. ಈ ಸಂಬಂಧವೇ ಬೇಡ ಎಂದು ವಿಜಯಶ್ರೀ ಹಟ ಹಿಡಿದಾಗ ತಾಯಿ ಗುರುಶಾಂತಮ್ಮ, "ಅವ್ರು ಮೊದಲ ಏನರ ಅನ್ಲಿ. ಹೆಣ್ಣಿನ ಕಡಿಯಾವ್ರು ಮುಂದಾಗಿ ಬಾಯಿ ತೆಗೀಬಾರದವ್ವಾ" ಎಂದು ಸುಮ್ಮನಾಗಿಸಿದ್ದಳು.

ಆದರೆ ಈ ಬೇಹುಗಾರ...!

ಹೋದ ವಾರ ಕಲ್ಲೂರಿನಲ್ಲಿ ಕುಡಿದವನೊಬ್ಬ ಅವಳ ಮೇಲೆ ಕೂಗಾಡಿದಾಗ, ಇವನು ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ಅವಳ ಬದಲು ಜಗಳಕ್ಕಿಳಿಯಲಿಲ್ಲ. ಅವಳೇ ಕುಡುಕನನ್ನು ಕೆಳಗಿಳಿಸುವವರೆಗೆ ಅಲುಗದೆ ನಿಂತಿದ್ದ, ಅಷ್ಟೆ. ಅಂದಿನಿಂದ ಬಸ್ಸು ಹೊರಡುವ ಮುನ್ನ ಅವಳ ಕಣ್ಣು ಇವನನ್ನೇ ಹುಡುಕುತ್ತಿತ್ತು. ಮನಸ್ಸಿಗೆ ಹಿಡಿಸಿಬಿಟ್ಟಿದ್ದ. ಅದಕ್ಕೇ ಇಷ್ಟು ಸಿಟ್ಟು!

'ಅದೂ ನಾಟಕವೇ? ನಾನು ಹೇಗೆ ಜಗಳವಾಡುತ್ತೇನೆ ಅಂತ ವರದಿ ಒಪ್ಪಿಸಲು ನಿಂತಿದ್ದನೇ?'

ಮಾನ್ವಿ ಬಂತು. ಜನ ಇಳಿದರು, ಡ್ರೈವರ್ ವಲಿ ಪಾಷಾ ಚಹಾಕ್ಕೆ ಹೋದ. ಕೊನೆಗೆ ಇಳಿಯಲು ಬಂದವನಿಗೆ ಅವಳು ಬಾಗಿಲಲ್ಲಿ ಅಡ್ಡ ನಿಂತಳು.

"ಬಸವಲಿಂಗಪ್ಪನವ್ರು ನಿಮಗ ಏನಾಗಬೇಕು?"

ಅವನ ಮುಖ ಬಿಳಿಚಿಕೊಂಡಿತು. "ದೊಡ್ಡಪ್ಪ... ನಾ ಮೌನೇಶ. ಅಪ್ಪ ಹೋದ ಮ್ಯಾಲೆ ಅವ್ರೇ ಸಾಕ್ಯಾರ. ಅಣ್ಣಗ ಹುಡುಗಿ ಹೆಂಗ ಅದಾಳ ನೋಡಿ ಬಾ ಅಂದ್ರು."

ಅವಳು ಊಹಿಸಿದ್ದೇ ನಿಜವಾಯಿತು.

"ಏನಂತ ಹೇಳೀರಿ?"

"ಏನೂ ಹೇಳಿಲ್ರಿ. ಇನ್ನ ನೋಡಾಕತ್ತೀನಿ ಅಂತ ದಿನಾ ಮುಂದ ಹಾಕಾಕತ್ತೀನಿ."

"ಯಾಕ?"

"ಛಲೋ ಅದಾರ ಅಂದ್ರ ನೀವು ನನಗ ಅತ್ತಿಗಿ ಆಗ್ತೀರಿ. ಛಲೋ ಇಲ್ಲ ಅಂತ ಸುಳ್ಳು ಹೇಳಾಕ ನಾಲಿಗಿ ಏಳವಲ್ದು..." ಅವನು ತಲೆ ತಗ್ಗಿಸಿದ. "ಒಂದ ದಿನದ ಕೆಲಸ ಇದು. ನಿಮ್ಮನ್ನ ನೋಡಾಕಂತ ಮತ್ತ ಮತ್ತ ಬಂದೆ."

 ಅವಳಲ್ಲಿ ಮತ್ತೆ ಅನುಮಾನ ಹೆಡೆಯೆತ್ತಿತು.

"ಇದೂ ಒಂದು ಪರೀಕ್ಷೇನ್ರಿ? ಹುಡುಗಿ ನಗತಾಳೋ ಬೈತಾಳೋ ನೋಡಿ ಬಾ ಅಂದಾರೇನು?"

"ನಮ್ಮವ್ವನಾಣಿ ಇಲ್ಲ!"

"ಹಂಗಾದ್ರ ಈಗ ದೊಡ್ಡಪ್ಪಗ ಫೋನ್ ಹಚ್ಚಿ ಹೇಳ್ರಿ."

"ಅವ್ರ ಅಪ್ಪಣಿ ಇಲ್ದ ಹೆಂಗ್ರಿ... ಅವ್ವನ ಕಡಿಂದ ಕೇಳಿಸಿ, ಹೊತ್ತು ನೋಡಿ..."

ವಿಜಯಶ್ರೀಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ತಾಯಿ ಅವರ ಮಾತಿಗೆ ಕಾಯುತ್ತಾಳೆ, ಅವರು ಇವನ ಮಾತಿಗೆ ಕಾಯುತ್ತಾರೆ, ಇವನು ಅವರ ಅಪ್ಪಣೆಗೆ ಕಾಯುತ್ತಾನೆ! ಹೀಗೇ ಬಿಟ್ಟರೆ ಒಂದು ದಿನ ಯಾರದೋ ಕೈಯಲ್ಲಿ ತನ್ನ ತಾಳಿ ಇರುತ್ತದೆ.

"ನಂಬರ್ ಹಚ್ಚಿ ಇಲ್ಲಿ ಕೊಡ್ರಿ."

ಅವನು ಹಚ್ಚಿಕೊಟ್ಟ.

"ಮೌನೇಶ ಅಲ್ರಿ ಯಪ್ಪಾ, ನಾ ಮಲ್ಲಟದ ವಿಜಯಶ್ರೀ. ಸಿಟ್ಟಾಗಬ್ಯಾಡ್ರಿ. ನನಗ ಕೆಲಸ ಬಿಡಾಕ ಆಗಂಗಿಲ್ಲ. ಈ ಸಂಬಂಧ ಬ್ಯಾಡ್ರಿ."

"ಹೆಣ್ಮಗಳಾಗಿ ನೀನಾ ಫೋನ್ ಮಾಡ್ತೀಯಾ? ಯಾರನ್ನ ಕೇಳಿದಿ?" ಆ ಕಡೆಯ ಗುಡುಗು ಮೌನೇಶನಿಗೂ ಕೇಳಿಸಿತು.

"ಯಾರನ್ನೂ ಕೇಳಿಲ್ರಿ."

ಫೋನನ್ನು ಅವನ ಕೈಗೆ ತುರುಕಿದಳು. ಅವನ ಮನಸ್ಸಿನ ಮಾತನ್ನು ಅವಳು ಎತ್ತಿರಲಿಲ್ಲ, ಅದನ್ನು ಹೇಳುವುದು ಅವನ ಕೆಲಸ. 'ಈಗ ಕಟ್ ಮಾಡುತ್ತಾನೆ. ತಲೆ ತಗ್ಗಿಸಿ ಇಳಿದು ಹೋಗುತ್ತಾನೆ...' ಅವಳ ಕಣ್ಣು ತುಂಬಿ ಬಂತು.

ಮೌನೇಶ ಫೋನ್ ಕಿವಿಗಿಟ್ಟ.

"ದೊಡ್ಡಪ್ಪಾ... ನೀವು ಕೇಳಿದ್ರಲ್ಲ, ಹುಡುಗಿ ಬಂಗಾರದಂಥಾಕಿ. ಆದ್ರ ಅಣ್ಣಗಲ್ಲ. ನನಗ ಅಂತ ಕೇಳಾಕ ಹೊಂಟೀನಿ. ಕೆಲಸ ಬಿಡು ಅನ್ನಂಗಿಲ್ಲ. ಮನಿಗೆ ಬರ್ತೀನಿ, ಎಷ್ಟು ಬೈತೀರಿ ಬೈಯ್ರಿ."

ಫೋನ್ ಇಟ್ಟವನ ಹಣೆಯ ತುಂಬ ಬೆವರು. ಅವಳು ಮೂರು ವಾರದಲ್ಲಿ ಮೊದಲ ಸಲ ಅನುಮಾನವಿಲ್ಲದೆ ಅವನ ಮುಖ ನೋಡಿದಳು.

"ಅವ್ವನ್ನ ಕರಕೊಂಡು ಐತವಾರ ನಿಮ್ಮನಿಗೆ ಬರಬೇಕಂತೀನಿ. ಮೊದಲ ಯಾರನ್ನ ಕೇಳಬೇಕ್ರಿ?"

"ನನ್ನ ಕೇಳ್ರಿ."

"ಬರ್ಲೇನ್ರಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಬರ್ರಿ..."